ಕೋವಿಯಂಗಡಿಯ ಗುರುತು

ಕಳೆದ ತಿಂಗಳು ಕೊಡಗಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪದವಿ ಮುಗಿಸಿದ ಮೇಲೆ ಆತ ತಂದೆಯ ಕೋವಿಯಂಗಡಿಯಲ್ಲೇ ನಿಂತಿದ್ದಾನೆ. ಅಂಗಡಿ ಬಲು ಚಿಕ್ಕದು. ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು. ಹಳೆಯ ಬೋರ್ಡು ಮಾಸಿಹೋಗಿದೆ, ಹೊಸದಾಗಿ ಬರೆಸುವಾಗ ಒಂದು ಲಾಂಛನವೂ ಇರಲಿ ಎಂಬುದು ಅವನ ಹಂಬಲ. "ಸಾರ್, ಚಾಲುಕ್ಯರ ವರಾಹಲಾಂಛನದ ಮೇಲೆ ಪೂರ್ತಿ ಒಂದು ಗಂಟೆ ಪಾಠ ಮಾಡಿದ್ದಿರಿ. ನಮ್ಮ ಅಂಗಡಿಗೂ ಒಂದು ಹೇಳಿಕೊಡಿ" ಎಂದ. ಮೇಷ್ಟರ ಮಾತು ಎಲ್ಲಿ ಹೋಗಿ ಯಾವಾಗ ತಿರುಗಿ ಬರುತ್ತದೆಂದು ಹೇಳುವಂತಿಲ್ಲ.

ಅವನೇ ಬರೆಸಿ ತಂದ ಚಿತ್ರವೊಂದಿತ್ತು. ಬಾಯಿ ತೆರೆದ ಹುಲಿ, ಅದರ ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಬಂದೂಕು, ಸುತ್ತಲೂ ಬೆಂಕಿ, ತುದಿಯಲ್ಲಿ ಒಂದು ತಲೆಬುರುಡೆ. "ಏನಪ್ಪಾ, ಇದನ್ನು ನೋಡಿದವನು ನಿನ್ನ ಅಂಗಡಿಗೆ ಬರಬೇಕೋ, ಪೊಲೀಸು ಠಾಣೆಗೆ ಓಡಬೇಕೋ?" ಎಂದೆ. ನಕ್ಕನಾದರೂ ಅವನಿಗೆ ಬೇಸರವಾಯಿತು. ಆ ಬೇಸರ ಕಳೆಯುವುದಕ್ಕಾಗಿ ನಾಲ್ಕು ದಿನ ಪುಸ್ತಕಗಳನ್ನು ತಿರುವಿಹಾಕಿದೆ. ಸಿಕ್ಕಿದ್ದು ನಾನು ಎಣಿಸಿದ್ದಕ್ಕಿಂತ ಸ್ವಾರಸ್ಯವಾಗಿತ್ತು.

ಬಂದೂಕಿನ ಮೇಲಿನ ಹುಲಿಗೆ ನಮ್ಮಲ್ಲಿ ದೊಡ್ಡ ವಾರಸುದಾರನೊಬ್ಬನಿದ್ದಾನೆ. ಟಿಪ್ಪುಸುಲ್ತಾನನ ಕಾರ್ಖಾನೆಗಳಲ್ಲಿ ಸಿದ್ಧವಾದ ಬಂದೂಕುಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ ಇವೆಲ್ಲ ಕಾಣುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಹಲವು ಇಂಗ್ಲೆಂಡಿನ ಅರಮನೆ ಸೇರಿದವು. ಅವನನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿಯವರ ಬಂದೂಕಿನ ಮೇಲೆ ಇದ್ದದ್ದಾದರೂ ಏನು? ಒಂದು ಹೃದಯದ ಆಕಾರ, ಅದರೊಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು. ಸರಕಿನ ಮೂಟೆಗೆ ಹಾಕುತ್ತಿದ್ದ ಗುರುತನ್ನೇ ಬಂದೂಕಿಗೂ ಒತ್ತಿದ್ದರು! 1808ರ ಸುಮಾರಿಗೆ ಅದರ ಬದಲು ಸಿಂಹ ಬಂತು. ವರ್ತಕರು ಅರಸರಾದದ್ದನ್ನು ಇಷ್ಟು ಚುಟುಕಾಗಿ ಹೇಳುವ ಶಾಸನ ಬೇರೆ ಇರಲಾರದು.

ಆದರೆ ಹುಲಿಯಾಗಲಿ ಹೃದಯವಾಗಲಿ, ಇವೆರಡೂ ಒಡೆಯನ ಗುರುತುಗಳು. 'ಇದು ನನ್ನದು' ಎನ್ನುವುದಷ್ಟೇ ಅವುಗಳ ಕೆಲಸ. ಅಂಗಡಿಯವನು ಹೇಳಬೇಕಾದ ಮಾತು ಬೇರೆ. ಅದನ್ನು ಕಲಿಯಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣಕ್ಕೆ ಹೋಗಬೇಕು.

ಆ ಪಟ್ಟಣದಲ್ಲಿ ಬಂದೂಕು ಮಾಡುವವರದೇ ಒಂದು ಪೇಟೆಯಿತ್ತು. ಒಬ್ಬನೇ ಇಡೀ ಬಂದೂಕನ್ನು ಮಾಡುತ್ತಿರಲಿಲ್ಲ. ನಳಿಗೆ ಮಾಡುವವನೊಬ್ಬ, ಕುದುರೆಯ ಯಂತ್ರ ಕೂಡಿಸುವವನು ಇನ್ನೊಬ್ಬ, ಮರದ ಹಿಡಿ ಕೆತ್ತುವವನು ಮತ್ತೊಬ್ಬ. ಎಲ್ಲವೂ ಸಣ್ಣ ಸಣ್ಣ ಅಂಗಡಿ; ಹುಡುಗರು ಬಿಡಿ ಭಾಗಗಳನ್ನು ಹೊತ್ತುಕೊಂಡು ಓಣಿಯಿಂದ ಓಣಿಗೆ ತಿರುಗುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಂದ ಅಗ್ಗದ ಬಂದೂಕುಗಳು ರಾಶಿರಾಶಿಯಾಗಿ ಆಫ್ರಿಕದ ಕರಾವಳಿಗೆ ಹೋದವು. ಗುಲಾಮರ ವ್ಯಾಪಾರದಲ್ಲಿ ಮನುಷ್ಯರಿಗೆ ಬದಲಾಗಿ ತೂಗಿಕೊಟ್ಟ ಸರಕುಗಳಲ್ಲಿ ಅವೂ ಸೇರಿದ್ದವು. ಅವುಗಳಲ್ಲಿ ಎಷ್ಟೋ ಕಳಪೆ ಮಾಲು. ನಳಿಗೆ ಸಿಡಿದರೆ ಸಾಯುವವನು ಎದುರಿಗಿದ್ದವನಲ್ಲ, ಹಿಡಿದವನು. ಕಡಲಾಚೆ ಕೈ ಕಳೆದುಕೊಂಡವನು ಬರ್ಮಿಂಗ್‌ಹ್ಯಾಮಿಗೆ ಬಂದು ಯಾರ ಅಂಗಡಿಯ ಮುಂದೆ ನಿಂತು ಕೇಳಬೇಕು?

ಲಂಡನ್ನಿನ ಬಂದೂಕುಗಾರರ ಸಂಘಕ್ಕೆ 1637ರಲ್ಲೇ ಅರಸನ ಸನ್ನದು ದೊರೆತು, ಪರೀಕ್ಷಿಸಿ ಮುದ್ರೆಯೊತ್ತುವ ಅಧಿಕಾರ ಬಂದಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಖಾಸಗಿಯವರು ಪರೀಕ್ಷೆ ನಡೆಸುತ್ತಿದ್ದರಾದರೂ ಕಾನೂನಿನ ಕಟ್ಟು ಇರಲಿಲ್ಲ. ಕೊನೆಗೆ ಊರಿನ ಬಂದೂಕುಗಾರರೇ ಕೇಳಿಕೊಂಡು, ತಮ್ಮದೇ ಹಣ ಹಾಕಿ, 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಬಲದಿಂದ ಒಂದು ಪರೀಕ್ಷಾಗೃಹವನ್ನು ಕಟ್ಟಿಸಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. ಹಿಂದೆ ಅಲ್ಲಿ ಪರೀಕ್ಷೆ ನಡೆಯುತ್ತಿದ್ದ ಬಗೆ ಹೀಗೆ: ನಳಿಗೆಗಳಿಗೆ ರೂಢಿಗಿಂತ ಬಹಳ ಹೆಚ್ಚು ಮದ್ದು ತುಂಬಿ, ಗುಂಡು ಜಡಿದು, ಭದ್ರವಾದ ಕೋಣೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಅವುಗಳ ಹಿಂದೆ ಮದ್ದಿನ ಗೆರೆ. ಬಾಗಿಲು ಮುಚ್ಚಿ ಹೊರಗಿನಿಂದ ಕಿಡಿ ತಾಗಿಸಿದರೆ ಎಲ್ಲವೂ ಒಮ್ಮೆಗೇ ಹಾರುತ್ತಿದ್ದವು. ಹೊಗೆ ಇಳಿದ ಮೇಲೆ ಒಳಹೊಕ್ಕು, ಸಿಡಿದದ್ದನ್ನೂ ಉಬ್ಬಿದ್ದನ್ನೂ ಎಸೆದು, ಉಳಿದುಕೊಂಡದ್ದರ ಮೇಲೆ ಉಕ್ಕಿನ ಅಚ್ಚಿನಿಂದ ಮುದ್ರೆ ಹೊಡೆಯುತ್ತಿದ್ದರು. ಅಡ್ಡಡ್ಡಲಾಗಿ ಎರಡು ರಾಜದಂಡ, ಮೇಲೆ ಒಂದು ಕಿರೀಟ. ಗಾತ್ರ ಒಂದು ಕಾಳಿನಷ್ಟು. ಪರೀಕ್ಷೆಯಾಗದ ನಳಿಗೆಯನ್ನು ಮಾರುವುದು ಅಪರಾಧವಾಯಿತು.

ಈ ಕಾಳಿನಷ್ಟರ ಮುದ್ರೆಯ ಮುಂದೆ ನನ್ನ ಶಿಷ್ಯನ ಬೆಂಕಿ, ಬುರುಡೆಗಳು ನನಗೆ ತೀರ ಬಡವಾಗಿ ಕಂಡವು. ಕೊಳ್ಳುವವನಿಗೆ ಬೇಕಾದದ್ದು ಎದುರಾಳಿ ಹೆದರುತ್ತಾನೆಂಬ ಭರವಸೆಯಲ್ಲ, ತನ್ನ ಕೈ ಉಳಿಯುತ್ತದೆಂಬ ಭರವಸೆ.

ಅದೇ ಊರಿನಲ್ಲಿ 1861ರಲ್ಲಿ ಇನ್ನೊಂದು ಘಟನೆ ನಡೆಯಿತು. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆ ಅಮೆರಿಕದಿಂದ ಯಂತ್ರಗಳನ್ನು ತರಿಸಿಕೊಂಡು ಕೈಕೆಲಸದವರ ಅನ್ನಕ್ಕೆ ಕಲ್ಲು ಹಾಕಿತ್ತು. ಒಬ್ಬೊಬ್ಬರೇ ಉಳಿಯಲಾರೆವೆಂದು ಅರಿತ ಹದಿನಾಲ್ಕು ಮಂದಿ ಬಂದೂಕುಗಾರರು ಒಟ್ಟುಗೂಡಿ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಕಂಪನಿಯನ್ನು ಹೂಡಿದರು. ಅದೇ ಬಿ.ಎಸ್.ಎ. ಮುಂದೆ ಅವರ ಗುರುತಾದದ್ದು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳ ಗೂಡು. ಬಿಡಾರ ಹೂಡಿದಾಗ ಸಿಪಾಯಿಗಳು ಬಂದೂಕುಗಳನ್ನು ಹಾಗೆ ನಿಲ್ಲಿಸಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಅಂದರೆ ಅದು ಯಾರ ಕೈಯಲ್ಲೂ ಇಲ್ಲದ, ಯಾರ ಕಡೆಗೂ ಗುರಿಯಿಲ್ಲದ, ವಿಶ್ರಾಂತಿಯಲ್ಲಿರುವ ಆಯುಧ. ಒಂದಕ್ಕೊಂದು ಆತುಕೊಂಡು ನಿಂತ ಆ ಮೂರರಲ್ಲಿ ನನಗೆ ಕೂಡಿ ಬದುಕಿದ ಆ ಸಣ್ಣ ಅಂಗಡಿಯವರೂ ಕಾಣುತ್ತಾರೆ. ಅವರು ಹಾಗೆ ಎಣಿಸಿದ್ದರೆಂದು ನಾನು ಹೇಳುತ್ತಿಲ್ಲ. ಕಾವ್ಯ ಪಾಠ ಹೇಳುವವನ ಚಟ.

ಬಂದೂಕಿಗೆ ಗಿರಾಕಿ ಕಡಿಮೆಯಾದಾಗ ಆ ಕಂಪನಿ ಸೈಕಲ್ಲಿಗೆ ಕೈಹಾಕಿತು. 1910ರಲ್ಲಿ ಮೋಟಾರು ಸೈಕಲ್ಲಿಗೂ ಬಂತು. ಮೂರು ಬಂದೂಕುಗಳು ಮಾತ್ರ ಬಿಡಲಿಲ್ಲ. ನಮ್ಮ ತಾತನ ಸೈಕಲ್ಲಿನ ಹ್ಯಾಂಡಲ್ಲಿನ ಕೆಳಗೆ ಆ ಬಿಲ್ಲೆಯಿತ್ತು. ಅದನ್ನು ಬಂದೂಕೆಂದು ಎಣಿಸಿದವರೇ ಮನೆಯಲ್ಲಿ ಇರಲಿಲ್ಲ; ಗಟ್ಟಿ ಸೈಕಲ್ಲಿನ ಗುರುತು, ಅಷ್ಟೆ. ಆ ಮೋಟಾರು ಸೈಕಲ್ಲಿನ ಹೆಸರನ್ನು 2016ರಲ್ಲಿ ಕೊಂಡವರು ನಮ್ಮ ಮಹೀಂದ್ರ ಬಳಗದವರು.

ಅಮೆರಿಕದ ಸ್ಯಾಮ್ಯುಯಲ್ ಕೋಲ್ಟನದು ಇನ್ನೊಂದು ದಾರಿ. ಕೋಲ್ಟ್ ಎಂದರೆ ಇಂಗ್ಲಿಷಿನಲ್ಲಿ ಗಂಡು ಕುದುರೆಮರಿ. ಅವನ ಕಂಪನಿಯ ಗುರುತು ಮುಂಗಾಲೆತ್ತಿ ನಿಂತ ಕುದುರೆಮರಿ. ಶ್ಲೇಷಾಲಂಕಾರಕ್ಕೆ ಇಷ್ಟು ಬೆಲೆ ಬಂದದ್ದು ನಮ್ಮ ಕವಿಗಳ ಕಾಲದಲ್ಲೂ ಇರಲಿಲ್ಲವೇನೋ.

ಇದನ್ನೆಲ್ಲ ಶಿಷ್ಯನಿಗೆ ಫೋನಿನಲ್ಲಿ ಹೇಳಿದೆ. ಮೂರು ಬಂದೂಕಿನ ಗುರುತು ಇನ್ನೊಬ್ಬರ ಸ್ವತ್ತು, ಅದನ್ನು ಮುಟ್ಟಬೇಡ. ಆದರೆ ಹೆದರಿಸುವುದನ್ನು ಬಿಟ್ಟು, ಕಾಳಿನ ಗಾತ್ರಕ್ಕೆ ಇಳಿಸಿದರೂ ತಿಳಿಯುವಂಥ ಒಂದೇ ಒಂದು ವಸ್ತುವನ್ನು ಹುಡುಕು ಎಂದೆ. ಅವನು ತುಸು ಹೊತ್ತು ಸುಮ್ಮನಿದ್ದು, "ಅಪ್ಪ ಮೊದಲೇ ಒಂದು ಹೇಳಿದ್ದರು ಸಾರ್, ನಾನೇ ಬೇಡ ಎಂದಿದ್ದೆ" ಎಂದ. ತಂದೆ ಹೇಳಿದ್ದು ತೋಕ್ ಪೂ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ನಾವು ಅಗ್ನಿಶಿಖೆ ಎನ್ನುವ ಹೂವೇ ಅದು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳನ್ನೆಲ್ಲ ಸಾಲಾಗಿಟ್ಟು ಪೂಜಿಸುವಾಗ ಕೋವಿಗೆ ಈ ಹೂವನ್ನು ಮುಡಿಸುತ್ತಾರೆ. ಕೊಡಗಿನಲ್ಲಿ ಇದನ್ನು ಕಂಡು ಕೋವಿಯನ್ನು ನೆನೆಯದವರಿಲ್ಲ. ಕಂಡು ಹೆದರುವವರೂ ಇಲ್ಲ.

"ನಿಮ್ಮ ಅಪ್ಪನವರನ್ನು ಕೇಳುವುದು ಬಿಟ್ಟು ನನ್ನ ಬಳಿಗೆ ಏಕೆ ಬಂದೆ?" ಎಂದು ಗದರಿದೆ.

ಮೊನ್ನೆ ಪೇಂಟರು ಬರೆದ ಮೊದಲ ಪ್ರತಿಯನ್ನು ಕಳಿಸಿದ್ದಾನೆ. ಆರು ಎಸಳೂ ಚೆನ್ನಾಗಿ ಬಂದಿವೆ. ಆದರೆ ಅಂಚಿನ ಸುಕ್ಕುಗಳನ್ನೆಲ್ಲ ಎಳೆಎಳೆಯಾಗಿ ಬರೆದಿರುವುದರಿಂದ ಬಿಲ್ಲಿನ ಮೇಲಿನ ರಬ್ಬರ್ ಮೊಹರಿನಲ್ಲಿ ಎಲ್ಲವೂ ಮಸಿಗೂಡಿ ಒಂದೇ ಮುದ್ದೆಯಾಗಿದೆ. ಇನ್ನೊಮ್ಮೆ ಬರೆಸು, ಗೆರೆ ದಪ್ಪಗಿರಲಿ ಎಂದು ಹೇಳಿದ್ದೇನೆ.