ಹತ್ತಿರದ ಶಾಲೆ, ದೂರದ ಶಾಲೆ

ನಿಮ್ಮ ಬಡಾವಣೆಯಲ್ಲಿ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ ಎಂದುಕೊಳ್ಳಿ. ಅವುಗಳನ್ನು ಹೋಲಿಸಿ ನೋಡಿ ಎಂದರೆ ನೀವು ಏನೇನು ಲೆಕ್ಕ ಹಾಕುತ್ತೀರಿ? ಕೊಠಡಿಗಳೆಷ್ಟು, ಶಿಕ್ಷಕರೆಷ್ಟು ಮಂದಿ, ಕುಡಿಯುವ ನೀರಿದೆಯೇ, ಆಟದ ಮೈದಾನವಿದೆಯೇ? ವಿಜ್ಞಾನ ಓದಿದ ನನಗೂ ಅಳೆಯಲು ಬರುವ ಸಂಗತಿಗಳ ಮೇಲೇ ನಂಬಿಕೆ ಹೆಚ್ಚು. ಆದರೆ ಇಂಥ ಪಟ್ಟಿ ಸಾಲದೆ ಹೋದ ಪ್ರಸಂಗವೊಂದು ಇತಿಹಾಸದಲ್ಲಿದೆ.

ಅದು ನಡೆದದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ರಾಜಧಾನಿ ಟೊಪೀಕಾದಲ್ಲಿ. 1950ರ ಸುಮಾರಿಗೆ ಆ ಊರಿನಲ್ಲಿ ಬಿಳಿಯ ಮಕ್ಕಳಿಗೆ 18, ಕಪ್ಪು ವರ್ಣದ ಮಕ್ಕಳಿಗೆ 4 ಸಾರ್ವಜನಿಕ ಪ್ರಾಥಮಿಕ ಶಾಲೆಗಳಿದ್ದವು. ಎಲ್ಲವನ್ನೂ ನಡೆಸುತ್ತಿದ್ದುದು ಒಂದೇ ಶಿಕ್ಷಣ ಮಂಡಳಿ. ಲಿಂಡಾ ಬ್ರೌನ್ ಎಂಬ ಏಳು ವರ್ಷದ ಹುಡುಗಿಯ ಮನೆಗೆ ಏಳು ಬೀದಿಗಳಾಚೆಯೇ ಸಮ್ನರ್ ಶಾಲೆಯಿತ್ತು. ಆದರೆ ಅದು ಬಿಳಿಯರ ಶಾಲೆ. ಲಿಂಡಾ ರೈಲು ಹಳಿಗಳ ಪಕ್ಕದಲ್ಲಿ ನಡೆದುಹೋಗಿ, ಬಸ್ಸಿಗಾಗಿ ಕಾದು, ದೂರದ ಮನ್ರೋ ಶಾಲೆಗೆ ಹೋಗಬೇಕಾಗಿತ್ತು. 1950ರಲ್ಲಿ ತಂದೆ ಆಲಿವರ್ ಬ್ರೌನ್ ಅವರು ಮಗಳ ಕೈ ಹಿಡಿದು ಸಮ್ನರ್ ಶಾಲೆಗೆ ಹೋದರು. ಪ್ರವೇಶ ಸಿಗಲಿಲ್ಲ. 1951ರಲ್ಲಿ ಅವರೂ ಸೇರಿ 13 ಮಂದಿ ಪೋಷಕರು ನ್ಯಾಯಾಲಯದ ಮೊರೆಹೋದರು.

ಜಿಲ್ಲಾ ನ್ಯಾಯಾಲಯ ಮಾಡಿದ್ದೇನು ಗೊತ್ತೇ? ನಮ್ಮ ಹಾಗೆಯೇ ಶಾಲೆಗಳನ್ನು ಹೋಲಿಸಿತು. ಕಟ್ಟಡ, ಪಠ್ಯಕ್ರಮ, ಶಿಕ್ಷಕರ ಅರ್ಹತೆ ಬಹುಮಟ್ಟಿಗೆ ಸಮವಾಗಿದ್ದವು. ಕಪ್ಪು ಮಕ್ಕಳಿಗೆ ಉಚಿತ ಬಸ್ಸಿತ್ತು, ಬಿಳಿಯ ಮಕ್ಕಳಿಗೆ ಅದೂ ಇರಲಿಲ್ಲ! ಸೌಲಭ್ಯಗಳು ಸಮವಾಗಿದ್ದರೆ ಬೇರೆ ಬೇರೆ ಇರಿಸಬಹುದೆಂಬ 1896ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಪೋಷಕರು ಸೋತರು. ಆದರೂ ಪ್ರತ್ಯೇಕಿಸುವುದರಿಂದಲೇ ಮಕ್ಕಳಲ್ಲಿ ಕೀಳರಿಮೆ ಬೆಳೆದು ಕಲಿಕೆಗೆ ಪೆಟ್ಟು ಬೀಳುತ್ತದೆಂದು ಅದೇ ನ್ಯಾಯಾಲಯ ದಾಖಲಿಸಿತು. ಆ ಮಾತೇ ಮುಂದೆ ಕೆಲಸಕ್ಕೆ ಬಂತು. 1954ರ ಮೇ 17ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಪ್ರತ್ಯೇಕಿಸಿದ ಶಾಲೆಗಳು ಸಮವಾಗಲಾರವು ಎಂದು ತೀರ್ಪಿತ್ತರು. ತೀರ್ಪು ಎಲ್ಲೆಡೆ ಆಚರಣೆಗೆ ಬರಲು ಮಾತ್ರ ಅನೇಕ ವರ್ಷಗಳೇ ಬೇಕಾದವು.

ಇದು ದೂರದೇಶದ ಕಥೆ ಎಂದು ಪುಟ ತಿರುವಬೇಡಿ. ಟೊಪೀಕಾಕ್ಕೆ ಸುಮಾರು ನೂರು ವರ್ಷ ಮೊದಲು, 1856ರಲ್ಲಿ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡದಲ್ಲಿ ಮಹಾರ್ ಸಮುದಾಯದ ಬಾಲಕನೊಬ್ಬ ಸರ್ಕಾರಿ ಶಾಲೆಗೆ ಸೇರಲು ಹೋದ. ಅವನಿಗೂ ಬಾಗಿಲು ತೆರೆಯಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೇ ಮನವಿ ಕೊಟ್ಟ. ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಕೊಂಡ ಸರ್ಕಾರ, ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂದು ಹಿಂಜರಿಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಬರೆದರು. ಕಾಗದದ ಮೇಲಿನ ಆ ಮಾತು ತರಗತಿಯ ಬೆಂಚಿನವರೆಗೆ ಬರಲು ಎಷ್ಟೋ ತಲೆಮಾರುಗಳು ಹೋರಾಡಬೇಕಾಯಿತು.

ಒಂದು ನೆರೆಹೊರೆಯ ಮಕ್ಕಳೆಲ್ಲ, ಜಾತಿ ಹಾಗೂ ಸಿರಿತನದ ಭೇದವಿಲ್ಲದೆ, ಒಂದೇ ಶಾಲೆಯಲ್ಲಿ ಕಲಿಯಬೇಕೆಂದು 1964–66ರ ಕೊಠಾರಿ ಆಯೋಗ ಸಲಹೆ ಮಾಡಿತು. ಈಗ ನಿಮ್ಮ ಪಟ್ಟಿಗೆ ಮರಳಿ. ಕೊಠಡಿ, ಶಿಕ್ಷಕರು, ನೀರು, ಮೈದಾನ ಎಲ್ಲವನ್ನೂ ಎಣಿಸಿ. ಅವು ಬೇಕೇ ಬೇಕು. ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ನಿಮ್ಮ ಬೀದಿಯ ಯಾವ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮತ್ತು ಏಕೆ? ಉತ್ತರವನ್ನು ನೀವೇ ಮನೆಮನೆಗೆ ಹೋಗಿ ಕೇಳಿ, ಬರೆದಿಡಿ.