ದೀರ್ಘಕಾಲದ ಕಿಬ್ಬೊಟ್ಟೆ ನೋವು ಮತ್ತು ವೈದ್ಯರ ಆಯ್ಕೆ

ಹೊಕ್ಕುಳ ಕೆಳಗೆ ಆರು ತಿಂಗಳಿಗೂ ಮೀರಿ ಕಾಡುವ ನೋವನ್ನು ವೈದ್ಯರು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎನ್ನುತ್ತಾರೆ. ಇದು ಒಂದೇ ಕಾಯಿಲೆಯಲ್ಲ. ಎಂಡೊಮೆಟ್ರಿಯೋಸಿಸ್, ಅಡಿನೋಮಯೋಸಿಸ್ (ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ಬೆಳೆಯುವುದು), ಫೈಬ್ರಾಯ್ಡ್ ಗಡ್ಡೆ, ಹಳೆಯ ಸೋಂಕು, ಹಿಂದಿನ ಆಪರೇಷನ್ನಿನ ನಂತರ ಒಳಗೆ ಅಂಗಗಳು ಅಂಟಿಕೊಂಡಿರುವುದು, ಮೂತ್ರಕೋಶ ಅಥವಾ ಕರುಳಿನ ತೊಂದರೆ, ಸ್ನಾಯುಗಳ ಬಿಗಿತ, ನಮ್ಮ ದೇಶದಲ್ಲಂತೂ ಮರೆಯಬಾರದ ಜನನಾಂಗದ ಕ್ಷಯ, ಇವುಗಳಲ್ಲಿ ಒಂದೋ ಎರಡೋ ಕಾರಣ ಇರಬಹುದು.

ಇವುಗಳಲ್ಲಿ ಹೆಚ್ಚು ಕೈತಪ್ಪುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕರುಳು, ಮೂತ್ರಕೋಶಗಳ ಮೇಲೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ, ಅಂದರೆ 19 ಕೋಟಿ ಜನರಿಗೆ ಇದಿದೆ. ಆದರೂ ಪತ್ತೆಯಾಗುವ ಹೊತ್ತಿಗೆ ಹಲವರಿಗೆ ವರ್ಷಗಳೇ ಉರುಳಿರುತ್ತವೆ. ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ, ಮದುವೆಯಾಗಿ ಒಂದು ಮಗುವಾದರೆ ಸರಿಹೋಗುತ್ತೆ ಎಂಬ ಮಾತು ಅಡುಗೆಮನೆಯಲ್ಲಷ್ಟೇ ಅಲ್ಲ, ಕ್ಲಿನಿಕ್ಕಿನಲ್ಲೂ ಕೇಳಿಬರುತ್ತದೆ. ಅಷ್ಟರವರೆಗೆ ಮೆಡಿಕಲ್ ಶಾಪಿನ ಮೆಫೆನಾಮಿಕ್ ಆಸಿಡ್ ಮಾತ್ರೆಯೇ ಗತಿ. ಈ ಮಾತ್ರೆ ಅಪರೂಪಕ್ಕೆ ತೀವ್ರ ಅಲರ್ಜಿ ತರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿತು.

ವೈದ್ಯರನ್ನು ಅಳೆಯಲು ಬೋರ್ಡಿನ ಮೇಲಿನ ಪದವಿಗಿಂತ ಅವರು ಕೇಳುವ ಪ್ರಶ್ನೆಗಳು ಮೇಲು. ನೋವು ಮುಟ್ಟಿಗೆ ಎಷ್ಟು ದಿನ ಮೊದಲು ಶುರುವಾಗುತ್ತದೆ, ಆ ದಿನಗಳಲ್ಲಿ ಮಲವಿಸರ್ಜನೆಗೂ ನೋವೇ, ಗಂಡನೊಂದಿಗೆ ಕೂಡುವಾಗ ನೋಯುತ್ತದೆಯೇ, ಮೂತ್ರ ಉರಿಯುತ್ತದೆಯೇ ಎಂದು ಕೇಳದೆ ನೇರ ಸ್ಕ್ಯಾನಿಂಗ್ ಚೀಟಿ ಬರೆದುಕೊಟ್ಟರೆ ಅರ್ಧ ಕೆಲಸ ಉಳಿದಂತೆಯೇ. ಮಲಗಿಸಿ, ನೋಯುವ ಜಾಗಕ್ಕೆ ಬೆರಳೊತ್ತಿ, ಅಲ್ಲಿಂದ ಬೆರಳು ತೆಗೆಯದೆ ‘ಸ್ವಲ್ಪ ತಲೆ ಎತ್ತಮ್ಮ’ ಎನ್ನುವುದು ಒಂದು ಸರಳ ಪರೀಕ್ಷೆ. ತಲೆ ಎತ್ತಿದಾಗ ನೋವು ಹೆಚ್ಚಿದರೆ ಮೂಲ ಒಳಗಿನ ಅಂಗದಲ್ಲಿಲ್ಲದೆ ಹೊಟ್ಟೆಯ ಗೋಡೆಯ ಸ್ನಾಯು ನರಗಳಲ್ಲಿರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಯಂತ್ರವೂ ಬೇಡ, ಬಿಲ್ಲೂ ಇಲ್ಲ.

ಹೊಟ್ಟೆಯ ಮೇಲಿನಿಂದ ಮಾಡುವ ಸಾಮಾನ್ಯ ಸ್ಕ್ಯಾನಿಂಗ್ ‘ನಾರ್ಮಲ್’ ಎಂದರೆ ಎಂಡೊಮೆಟ್ರಿಯೋಸಿಸ್ ಇಲ್ಲ ಎಂದಲ್ಲ. ಪಳಗಿದ ಕೈ ಯೋನಿಮಾರ್ಗದ ಸ್ಕ್ಯಾನ್ ಮಾಡಿದರೆ, ಅಥವಾ ಎಂಆರ್‌ಐ ತೆಗೆದರೆ, ಅಂಡಾಶಯದ ಚಾಕೊಲೇಟ್ ಸಿಸ್ಟ್ ಮತ್ತು ಆಳಕ್ಕಿಳಿದ ಗಂಟುಗಳು ಕಾಣಬಹುದು. ತೆಳುವಾದ ಕಲೆಗಳು ಅಲ್ಲೂ ತಪ್ಪಿಸಿಕೊಳ್ಳುತ್ತವೆ. ಲ್ಯಾಪರೊಸ್ಕೋಪಿ ಮಾಡಿದರಷ್ಟೇ ಖಚಿತ ಎಂಬ ಹಳೆಯ ನಿಲುವನ್ನು 2022ರ ಯುರೋಪಿನ ಮಾರ್ಗಸೂಚಿ ಕೈಬಿಟ್ಟಿತು. ಲಕ್ಷಣ ನೋಡಿ ಡೈನೊಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಆರಂಭಿಸಬಹುದು. ಮಗು ಬೇಕೆನ್ನುವವರಿಗೆ ಈ ದಾರಿ ಹೊಂದದು, ಅದನ್ನು ಮೊದಲೇ ಹೇಳಬೇಕು.

ಬೆಂಗಳೂರಿನ ಕನಕಪುರ ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ ಬೆಳೆದ ಅಂಜನಾಪುರದಂಥ ಬಡಾವಣೆಯಲ್ಲಿ ಇಂಥ ವೈದ್ಯರ ಹುಡುಕಾಟ ಮೂಲೆಯ ಕ್ಲಿನಿಕ್ಕಿನಿಂದ ಶುರುವಾಗಿ ಜೆ.ಪಿ. ನಗರ, ಜಯನಗರದ ಕಡೆ ಸಾಗುತ್ತದೆ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದ ಮೇಲೆ ಸರ್ಕಾರಿ ದಾರಿಯೂ ಹತ್ತಿರವಾಯಿತು: ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲದೆ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ 1935ರಲ್ಲಿ ಆರಂಭವಾದ ವಾಣಿ ವಿಲಾಸ ಆಸ್ಪತ್ರೆ. ಸರತಿ ಉದ್ದ, ಆದರೆ ಬೋಧನಾ ಆಸ್ಪತ್ರೆಯಾದ್ದರಿಂದ ಬೇರೆ ವಿಭಾಗದವರ ಅಭಿಪ್ರಾಯಕ್ಕೆ ಬೇರೆ ಊರು ಸುತ್ತಬೇಕಿಲ್ಲ.

ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆಂಬುದಕ್ಕೆ ಕಲಬುರಗಿ ಸಾಕ್ಷಿ. ಅಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಎಂದು ಖಾಸಗಿ ಆಸ್ಪತ್ರೆಗೆ ಹೋದ ಲಂಬಾಣಿ ಮತ್ತು ದಲಿತ ಮಹಿಳೆಯರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡ ಪ್ರಕರಣಗಳು 2015ರಲ್ಲಿ ದೊಡ್ಡ ಸುದ್ದಿಯಾದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಅಡಿನೋಮಯೋಸಿಸ್‌ಗೆ ಗರ್ಭಕೋಶ ತೆಗೆಯುವುದು ಪರಿಹಾರವಾಗಬಹುದು. ಕರುಳಿನ ಮೇಲೆ ಕೂತ ಎಂಡೊಮೆಟ್ರಿಯೋಸಿಸ್ ಅದರಿಂದ ಹೋಗುವುದಿಲ್ಲ. ಅಂಥ ಎಂಡೊಮೆಟ್ರಿಯೋಸಿಸ್‌ನ ಆಪರೇಷನ್ನಿಗೆ ಒಪ್ಪುವ ಮುನ್ನ ಕರುಳಿನ ಶಸ್ತ್ರಚಿಕಿತ್ಸಕರೂ ಮೂತ್ರಾಂಗ ತಜ್ಞರೂ ಜೊತೆಗಿರುತ್ತಾರೆಯೇ, ಅಂಡಾಶಯ ಉಳಿಸುತ್ತಾರೆಯೇ ಎಂದು ಕೇಳಿ ಉತ್ತರವನ್ನು ಬರೆಸಿಕೊಳ್ಳುವುದು ರೋಗಿಯ ಹಕ್ಕು.