ನಾಲಿಗೆ ಕಾಯುವ ಡಬ್ಬಿ

ನೀವು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ನಿಮ್ಮ ಪ್ರಾಜೆಕ್ಟಿನಲ್ಲೂ ‘ಯುಟಿಲ್ಸ್’ ಅನ್ನೋ ಒಂದು ಫೋಲ್ಡರ್ ಇದ್ದೇ ಇರುತ್ತೆ. ಶುರುವಿನಲ್ಲಿ ಯಾರೋ ಪುಣ್ಯಾತ್ಮ ತಾರೀಖು ಸರಿಮಾಡೋ ಎರಡು ಫಂಕ್ಷನ್ ಇಡೋಕೆ ಅಂತ ಅದನ್ನ ಮಾಡಿರ್ತಾನೆ. ಐದು ವರ್ಷ ಬಿಟ್ಟು ತೆಗೆದು ನೋಡಿ. ಊರಿನ ಕಸವೆಲ್ಲ ಅಲ್ಲಿರುತ್ತೆ, ಆ ಎರಡು ಫಂಕ್ಷನ್ ಮಾತ್ರ ಎಲ್ಲೋ ಹೋಗಿರುತ್ತೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಭಾಷೆಯ ಒಂದು ಪದಕ್ಕೆ ಇದೇ ಗತಿ ಬಂತು. ಪದ ‘ಗ್ಲೊಟ್ಟೊಕೊಮೆಯೊನ್’. ಬಾಯಿ ತಿರುಗದಿದ್ದರೆ ಚಿಂತೆಯಿಲ್ಲ, ಅರ್ಥ ಸುಲಭ. ‘ಗ್ಲೊಟ್ಟಾ’ ಅಂದ್ರೆ ನಾಲಿಗೆ. ‘ಕೊಮೆಯೊ’ ಅಂದ್ರೆ ಜೋಪಾನ ಮಾಡು. ಒಟ್ಟಿಗೆ, ನಾಲಿಗೆಯನ್ನ ಜೋಪಾನ ಮಾಡೋ ಡಬ್ಬಿ. ಇಲ್ಲಿ ನಾಲಿಗೆ ಮನುಷ್ಯನದ್ದಲ್ಲ, ಔಲೋಸ್ ಅನ್ನೋ ವಾದ್ಯದ್ದು.

ಔಲೋಸ್ ಅನ್ನ ಇಂಗ್ಲಿಷ್ ಅನುವಾದಗಳಲ್ಲಿ ಕೊಳಲು ಅಂತ ಬರೆದುಬಿಟ್ಟಿರ್ತಾರೆ. ಅದು ಕೊಳಲಲ್ಲ, ನಮ್ಮ ಓಲಗದ ಕಡೆಯ ನೆಂಟ. ಎರಡು ಕೊಳವೆ, ಕೈಗೊಂದು, ಎರಡೂ ಒಟ್ಟಿಗೆ ಬಾಯಲ್ಲಿ. ಒಂದೊಂದರ ತುದಿಯಲ್ಲೂ ಜೊಂಡಿನಿಂದ ಮಾಡಿದ ಪುಟ್ಟ ರೀಡ್. ಗಾಳಿ ಊದಿದಾಗ ಅದು ಅದುರುತ್ತೆ, ಅದುರಿದ್ರೆ ಸದ್ದು. ರೀಡ್ ಇಲ್ಲದಿದ್ದರೆ ಔಲೋಸ್ ಅಂದ್ರೆ ಬರೀ ಎರಡು ತೂತು ಕೊಳವೆ. ಗ್ರೀಕರಿಗೆ ಇದು ಇಲ್ಲದೆ ಯಾವುದೂ ನಡೀತಿರಲಿಲ್ಲ. ಬಲಿ ಕೊಡುವಾಗ, ನಾಟಕದಲ್ಲಿ, ಯುದ್ಧದ ದೋಣಿಯಲ್ಲಿ ಹುಟ್ಟು ಹಾಕೋರಿಗೆ ಲಯ ಕೊಡೋಕೆ, ಎಲ್ಲಕ್ಕೂ ಔಲೋಸ್ ಬೇಕು. ಸ್ಪಾರ್ಟಾದ ಸೈನಿಕರು ರಣರಂಗಕ್ಕೆ ಹೆಜ್ಜೆ ಹಾಕ್ತಿದ್ದದ್ದೂ ಇದರ ಸದ್ದಿಗೇ.

ಈಗ ಆ ರೀಡಿನ ವಿಚಾರ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಗಿಡಮರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಅದರಲ್ಲಿ ಬಿಯೋಷಿಯಾ ಸೀಮೆಯ ಕೊಪಾಯಿಸ್ ಅನ್ನೋ ಕೆರೆಯ ಜೊಂಡಿಗೇ ಸಾಕಷ್ಟು ಜಾಗ ಕೊಟ್ಟಿದ್ದಾನೆ. ಕೆರೆ ತುಂಬಬೇಕು. ಮೊದಲ ವರ್ಷ ಜೊಂಡು ಉದ್ದಕ್ಕೆ ಬೆಳೆಯುತ್ತೆ, ಮರುವರ್ಷವೂ ನೀರು ನಿಂತರೆ ದಪ್ಪ ಆಗುತ್ತೆ, ಹಾಗೆ ದಪ್ಪ ಆದದ್ದು ಮಾತ್ರ ರೀಡಿಗೆ ಆಗುತ್ತೆ. ಕೊಯ್ದ ಮೇಲೂ ತಕ್ಷಣ ಊದೋ ಹಾಗಿಲ್ಲ. ಹಳೇ ಪದ್ಧತಿಯಲ್ಲಿ ಅದು ಹದಕ್ಕೆ ಬರೋಕೆ ಎಷ್ಟೋ ವರ್ಷ ಬೇಕಿತ್ತಂತೆ. ಆಮೇಲೆ ಆಂಟಿಜೆನಿಡಸ್ ಎಂಬ ವಾದಕನ ಕಾಲದಿಂದ ನುಡಿಸೋ ಶೈಲಿಯೇ ಬದಲಾಯ್ತು, ಅಲಂಕಾರ ಜಾಸ್ತಿ ಆಯ್ತು. ಅದಕ್ಕೆ ತಕ್ಕಂತೆ ಜೊಂಡು ಕೊಯ್ಯೋ ತಿಂಗಳನ್ನೂ ಬೇಸಿಗೆಗೆ ಹಿಂದಕ್ಕೆ ತಂದರು. ಆಗ ಮೂರು ವರ್ಷಕ್ಕೆ ರೀಡ್ ಸಿದ್ಧ.

ಇನ್ನೂ ಒಂದು ಸೂಕ್ಷ್ಮ ಇದೆ. ಎರಡು ಕೊಳವೆಯ ಎರಡು ರೀಡು ಹೊಂದಬೇಕಾದ್ರೆ ಎರಡೂ ಒಂದೇ ಗೆಣ್ಣಿನ ನಡುವಿನ ತುಂಡಿನಿಂದ ಬಂದಿರಬೇಕು. ಬೇರೆ ತುಂಡಿನದಾದ್ರೆ ಸ್ವರ ಕೂಡಲ್ಲ. ಬುಡದ ಕಡೆಯದು ಎಡಗೈ ಕೊಳವೆಗೆ, ತುದಿಯ ಕಡೆಯದು ಬಲಗೈ ಕೊಳವೆಗೆ. ಕಬ್ಬು ಕಡಿದವರಿಗೆ ಗೊತ್ತು, ತುಂಡು ಮಾಡಿ ರಾಶಿ ಹಾಕಿದ ಮೇಲೆ ಯಾವುದು ಬುಡ ಯಾವುದು ತುದಿ ಅಂತ ಹೇಳೋದೇ ಕಷ್ಟ. ಇಲ್ಲಿ ಮೂರು ವರ್ಷ ಕಾದು, ಬೆರಳುದ್ದದ ಜೋಡಿಗಳನ್ನ ಮಾಡಿ, ಯಾವುದಕ್ಕೆ ಯಾವುದು ಜೊತೆ ಅಂತ ಲೆಕ್ಕ ಇಟ್ಟುಕೊಳ್ಳಬೇಕು. ಎರಡು ಜೋಡಿ ಕಲೆಸಿಹೋದ್ರೆ ಕೈಲಿರೋದು ನಾಲ್ಕು ರೀಡು, ಆದ್ರೆ ಕೆಲಸಕ್ಕೆ ಬರೋ ಜೋಡಿ ಒಂದೂ ಇಲ್ಲ. ಇಂಥದ್ದಕ್ಕೆ ಡಬ್ಬಿ ಬೇಡ ಅಂದ್ರೆ ಹೇಗೆ?

ರೀಡ್ ಕೈಕೊಟ್ಟರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕಥೆ ಇದೆ. ಕ್ರಿ.ಪೂ. 490ರಲ್ಲಿ ಡೆಲ್ಫಿಯ ಸ್ಪರ್ಧೆಯಲ್ಲಿ ಅಕ್ರಗಾಸ್ ಊರಿನ ಮೀಡಸ್ ಔಲೋಸ್ ನುಡಿಸಿ ಗೆದ್ದ. ಕವಿ ಪಿಂಡಾರ್ ಅವನ ಮೇಲೆ ಹಾಡು ಕಟ್ಟಿದ. ಆ ಹಾಡಿಗೆ ಪ್ರಾಚೀನ ಟೀಕಾಕಾರರು ಬರೆದ ಟಿಪ್ಪಣಿಯ ಪ್ರಕಾರ, ನುಡಿಸುತ್ತಿರುವಾಗಲೇ ರೀಡ್ ಮುರಿದು ಮೀಡಸನ ಅಂಗುಳಿಗೆ ಅಂಟಿಕೊಂಡಿತಂತೆ. ಅವನು ನಿಲ್ಲಿಸಲಿಲ್ಲ. ಬರೀ ಕೊಳವೆಯನ್ನೇ ಕೊಳಲಿನ ಹಾಗೆ ಊದಿ ಮುಗಿಸಿದ, ಜನ ಬೆರಗಾದರು. ಟೀಕಾಕಾರರು ಬೆಣ್ಣೆ ಹಚ್ಚಿ ಹೇಳಿರಬಹುದು. ಆದ್ರೆ ಕೇಳಿದ ಪ್ರತಿ ವಾದಕನೂ ಮನೆಗೆ ಹೋಗಿ ತನ್ನ ಡಬ್ಬಿ ಒಂದ್ಸಲ ತೆಗೆದು ನೋಡಿರ್ತಾನೆ.

ಡಬ್ಬಿ ಹೇಗಿತ್ತು ಅಂತ ತಿಳಿಯೋಕೆ ಅಥೆನ್ಸಿನ ಮಡಕೆಗಳ ಮೇಲಿನ ಚಿತ್ರ ನೋಡಬೇಕು. ಕ್ರಿ.ಪೂ. 5ನೇ ಶತಮಾನದ ಪಾನಗೋಷ್ಠಿಯ ಚಿತ್ರಗಳಲ್ಲಿ ಗಂಡಸರು ಮಂಚದ ಮೇಲೆ ಒರಗಿರ್ತಾರೆ, ಒಬ್ಬಳು ಹುಡುಗಿ ಔಲೋಸ್ ಊದುತ್ತಿರ್ತಾಳೆ. ಹಿಂದಿನ ಗೋಡೆಯಲ್ಲಿ ಒಂದು ಚರ್ಮದ ಚೀಲ ನೇತಾಡುತ್ತಿರುತ್ತೆ. ಅದು ಕೊಳವೆಗಳ ಚೀಲ, ಹೆಸರು ‘ಸುಬೀನೆ’. ಅದರ ಬಾಯಿಯ ಹತ್ತಿರ ಅಂಟಿಕೊಂಡಂತೆ ಒಂದು ಪುಟ್ಟ ಪೆಟ್ಟಿಗೆ. ಅದೇ ನಮ್ಮ ಗ್ಲೊಟ್ಟೊಕೊಮೆಯೊನ್.

ಆ ಹುಡುಗಿಯರಲ್ಲಿ ಬಹಳಷ್ಟು ಜನ ಗುಲಾಮರು. ಒಬ್ಬಳ ಬಾಡಿಗೆ ಎರಡು ದ್ರಾಕ್ಮಾ ದಾಟದ ಹಾಗೆ ನೋಡಿಕೊಳ್ಳೋಕೆ ಅಥೆನ್ಸಿನಲ್ಲಿ ಅಧಿಕಾರಿಗಳೇ ಇದ್ದರು. ಅತ್ತ ಮೇಲ್ವರ್ಗದ ಆಲ್ಕಿಬಿಯಾಡೀಸ್ ಕೆನ್ನೆ ಉಬ್ಬಿ ಮುಖ ಕೆಡುತ್ತೆ ಅಂತ ಔಲೋಸ್ ಕಲಿಯೋಕೇ ಒಪ್ಪಲಿಲ್ಲ. ಸಂಗೀತ ಎಲ್ಲರಿಗೂ ಬೇಕು, ಊದೋರ ಪಕ್ಕ ಕೂರೋಕೆ ಯಾರಿಗೂ ಇಷ್ಟ ಇಲ್ಲ. ಹಳ್ಳಿಯ ಮದುವೆ ನೋಡಿದವರಿಗೆ ಇದು ಹೊಸ ಸುದ್ದಿ ಅಲ್ಲ.

ಸರಿ, ಪದ ದಾರಿ ತಪ್ಪಿದ್ದು ಹೇಗೆ? ಆಡುಮಾತಿನಲ್ಲಿ ಅದು ‘ಗ್ಲೊಸ್ಸೊಕೊಮೊನ್’ ಆಯ್ತು. ಒಳಗೆ ರೀಡೇ ಇರಬೇಕು ಅನ್ನೋ ಷರತ್ತು ಬಿದ್ದುಹೋಯ್ತು. ಹೀಬ್ರೂ ಧರ್ಮಗ್ರಂಥಗಳನ್ನ ಗ್ರೀಕಿಗೆ ತಂದವರು ಜೆರುಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಇದೇ ಪದ ಹಾಕಿದರು. ಅಲೆಕ್ಸಾಂಡ್ರಿಯಾದ ಹೆರಾನ್, ಕ್ರಿ.ಶ. 1ನೇ ಶತಮಾನದ ಎಂಜಿನಿಯರ್, ಹಲ್ಲಿನ ಚಕ್ರಗಳನ್ನ ಒಂದರ ಪಕ್ಕ ಒಂದು ಜೋಡಿಸಿ 5 ಟ್ಯಾಲೆಂಟ್ ಬಲದಿಂದ 1000 ಟ್ಯಾಲೆಂಟ್ ಭಾರ ಎತ್ತೋ ಯಂತ್ರದ ಲೆಕ್ಕ ಕೊಟ್ಟ. ಆ ಚಕ್ರಗಳನ್ನ ಕೂರಿಸೋ ಚೌಕಟ್ಟು ಗ್ಲೊಸ್ಸೊಕೊಮೊನ್ ಥರ ಇರಲಿ ಅಂತಾನೆ. ಅಂದ್ರೆ ರೀಡಿನ ಡಬ್ಬಿ ಗೇರ್‌ಬಾಕ್ಸ್ ಆಯ್ತು! ಯೋಹಾನನ ಸುವಾರ್ತೆಯಲ್ಲಿ ಶಿಷ್ಯರ ದುಡ್ಡು ಯೂದನ ಹತ್ತಿರ ಇತ್ತು, ಅದರಿಂದ ಅವನು ಕದೀತಿದ್ದ ಅಂತ ಬರುತ್ತಲ್ಲ, ಆ ಹಣದ ಪೆಟ್ಟಿಗೆಗೂ ಮೂಲದಲ್ಲಿ ಇದೇ ಪದ. ಮುಂದೆ ಯಹೂದಿ ಪಂಡಿತರ ಬರಹಗಳಲ್ಲಿ ‘ಗ್ಲುಸ್ಕುಮಾ’ ಅಂತಾಗಿ ಶವಪೆಟ್ಟಿಗೆವರೆಗೂ ಹೋಯ್ತು.

ಕ್ರಿ.ಶ. 2ನೇ ಶತಮಾನದಲ್ಲಿ ಫ್ರೂನಿಖೋಸ್ ಎಂಬ ವ್ಯಾಕರಣ ಪಂಡಿತನಿಗೆ ಇದು ತಡೆಯಲಾಗಲಿಲ್ಲ. ಪದದ ರೂಪವೂ ತಪ್ಪು, ಬಳಕೆಯೂ ತಪ್ಪು. ಇದು ಔಲೋಸಿನ ನಾಲಿಗೆ ಇಡೋ ಪಾತ್ರೆಗೆ ಮಾತ್ರ ಸಲ್ಲೋದು, ಪುಸ್ತಕ ಬಟ್ಟೆ ಬೆಳ್ಳಿ ಇಡೋ ಪೆಟ್ಟಿಗೆಗಲ್ಲ ಅಂತ ಗದರಿದ. ನಮ್ಮಲ್ಲೂ ಅ-ಕಾರ ಹ-ಕಾರ ತಿದ್ದೋ ಮೇಷ್ಟ್ರು ಇರ್ತಾರಲ್ಲ, ಆ ಜಾತಿ. ಯಾರೂ ಕೇಳಲಿಲ್ಲ.

ಆಮೇಲೆ ಔಲೋಸೇ ಮರೆಯಾಯ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಥೆನ್ಸಿನ ಕಡೆಯಿಂದ ಹೋದ ಮರದ ಕೊಳವೆ ಜೋಡಿ ಇದೆ. ರೀಡ್ ಇಲ್ಲ. ಮರ, ಮೂಳೆ, ಕಂಚು ಉಳೀತವೆ, ಜೊಂಡು ಮಣ್ಣಾಗುತ್ತೆ. ಇವತ್ತು ಔಲೋಸ್ ಮತ್ತೆ ಮಾಡೋರು ತೂತುಗಳ ದೂರವನ್ನ ಮಿಲಿಮೀಟರಿನಲ್ಲಿ ಅಳೆದು ಮಾಡಬಹುದು. ರೀಡಿಗೆ ಮಾತ್ರ ಮಡಕೆಯ ಚಿತ್ರ ನೋಡಿ, ಥಿಯೊಫ್ರಾಸ್ಟಸ್ ಓದಿ, ಊಹೆ ಮಾಡಬೇಕು. ಆ ಕೊಪಾಯಿಸ್ ಕೆರೆಯೂ ಈಗಿಲ್ಲ. 19ನೇ ಶತಮಾನದಲ್ಲಿ ಅದನ್ನ ಬತ್ತಿಸೋ ಕೆಲಸ ಹಿಡಿದರು, ಈಗ ಅಲ್ಲಿ ಹೊಲ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ಕಿನ ಬಸ್ ಹತ್ತೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇದೇ ತಲೆನೋವಿಗೆ ನಮ್ಮ ಕಡೆಯವರು ಬೇರೆ ದಾರಿ ಹುಡುಕಿದರು. ನಾಗಸ್ವರವನ್ನ ಹತ್ತಿರದಿಂದ ನೋಡಿ. ಅದಕ್ಕೂ ಜೊಂಡಿನ ಜೋಡಿ ರೀಡು, ತಮಿಳಿನಲ್ಲಿ ಸೀವಾಳಿ ಅಂತಾರೆ. ಊದೋ ತುದಿಯಿಂದ ದಾರಗಳಲ್ಲಿ ಹೆಚ್ಚಿಗೆ ಸೀವಾಳಿಗಳು ನೇತಾಡ್ತಿರ್ತವೆ, ಜೊತೆಗೊಂದು ಸಣ್ಣ ಕಡ್ಡಿ. ಹಿಂದೆ ದಂತದ್ದು, ಕೊಂಬಿನದ್ದು ಇರ್ತಿತ್ತು. ಸೀವಾಳಿಯ ಬಾಯಿ ಮುಚ್ಚಿಕೊಂಡ್ರೆ ಬಿಡಿಸೋಕೆ, ಎಂಜಲು ಕಟ್ಟಿಕೊಂಡ್ರೆ ತೆಗೆಯೋಕೆ. ಚಿಕ್ಕವನಿದ್ದಾಗ ನಾನು ಇದನ್ನ ಗೆಜ್ಜೆ ಥರದ ಅಲಂಕಾರ ಅಂದ್ಕೊಂಡಿದ್ದೆ. ಸುಮಾರು ವರ್ಷ ಆದ್ಮೇಲೆ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಓಲಗದವರನ್ನ ಕೇಳಿದೆ.

“ಅಣ್ಣಾ, ಇಷ್ಟೊಂದು ಯಾಕೆ ಕಟ್ಕೊಂಡಿದ್ದೀರ? ಒಂದು ಡಬ್ಬೀಲಿ ಇಟ್ಕೊಂಡ್ರೆ ಆಗಲ್ವಾ?”

“ಡಬ್ಬೀಲೂ ಅವೆ ಕಣಪ್ಪ. ಆದ್ರೆ ಪುರೋಹಿತ್ರು ಗಟ್ಟಿಮೇಳ ಅಂದಾಗ ಡಬ್ಬಿ ಎಲ್ಲದೆ ಅಂತ ಹುಡುಕ್ತಾ ಕೂತ್ರೆ ತಾಳಿ ಕಟ್ಟಿ ಮುಗಿದಿರ್ತದೆ. ಇದು ಕೈ ಹತ್ರಾನೇ ಇರ್ತದೆ.”

ಬೆಳಗಿನ ತಂಪಿಗೆ ಒಂದು, ಬಿಸಿಲೇರಿದ ಮೇಲೆ ಒಂದು, ಅವರೇ ತೋರಿಸಿದರು. ನೋಡೋಕೆ ನನಗೆ ಎಲ್ಲವೂ ಒಂದೇ. ಅವರು ತುಟಿಗಿಟ್ಟು ಒಂದು ಸಲ ಕೀ ಅನ್ನಿಸಿ, ಯಾವುದು ಯಾವುದು ಅಂತ ಹೇಳಿಬಿಡ್ತಿದ್ದರು. ಲೇಬಲ್ ಇಲ್ಲ, ಪಟ್ಟಿ ಇಲ್ಲ.

ಡಬ್ಬಿಗೂ ದಾರಕ್ಕೂ ಇರೋ ವ್ಯತ್ಯಾಸ ಇಷ್ಟೆ ಅನ್ಸುತ್ತೆ. ಡಬ್ಬಿಯಲ್ಲಿ ಏನು ಬೇಕಾದ್ರೂ ಇಡಬಹುದು, ಹಾಗಾಗಿ ಏನಿತ್ತು ಅನ್ನೋದು ಮರೆಯುತ್ತೆ. ದಾರಕ್ಕೆ ಕಟ್ಟಿದ್ದು ವಾದ್ಯದ ಜೊತೆಗೇ ಇರುತ್ತೆ, ವಾದ್ಯ ನುಡೀತಿರೋವರೆಗೂ. ಆ ಕೊನೇ ಮಾತೇ ಕಷ್ಟದ್ದು. ತಂಜಾವೂರು ಸೀಮೆಯ ನರಸಿಂಗಂಪೇಟೆಯಲ್ಲಿ ಹಳೇ ಮನೆಗಳ ಕಮರದ ಮರ ತಂದು ನಾಗಸ್ವರ ಕಡೀತಾರೆ, 2022ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ತು. ಒಳ್ಳೇದೇ. ಮರದ ನಾಗಸ್ವರ ಹೇಗೂ ಉಳಿಯುತ್ತೆ, ನೂರು ವರ್ಷ ಗಾಜಿನ ಪೆಟ್ಟಿಗೆಯಲ್ಲೂ ಇರುತ್ತೆ. ತಿರುವಾವಡುದುರೈ ಕಡೆ ಸೀವಾಳಿ ಮಾಡೋ ಕೈಗಳು ಹಾಗಲ್ಲ. ಜೊಂಡು ಯಾವಾಗ ಕೊಯ್ಯಬೇಕು, ಎಷ್ಟು ಹದ ಮಾಡಬೇಕು ಅನ್ನೋದು ಆ ಬೆರಳುಗಳಲ್ಲಿದೆ. ಊದೋರು ಕೇಳಿದ್ರೆ ಮಾತ್ರ ಅವರು ಮಾಡ್ತಾರೆ. ಛತ್ರದಲ್ಲಿ ಪೆನ್‌ಡ್ರೈವ್ ಹಾಕಿ ಓಲಗ ಬಾರಿಸೋದು ಜಾಸ್ತಿ ಆದಷ್ಟೂ ಕೇಳೋರು ಕಮ್ಮಿ ಆಗ್ತಾರೆ. ಪೆನ್‌ಡ್ರೈವಿಗೆ ಸೀವಾಳಿ ಬೇಡ.

ಮುಂದಿನ ಸಲ ಮದುವೆಗೆ ಹೋದಾಗ ಊಟದ ಪಂಕ್ತಿಗೆ ಓಡೋ ಮುಂಚೆ ಎರಡು ನಿಮಿಷ ಓಲಗದವರ ಹತ್ತಿರ ನಿಂತುಕೊಳ್ಳಿ. ತುದಿಯಲ್ಲಿ ಎಷ್ಟು ನೇತಾಡ್ತಿವೆ ಎಣಿಸಿ. ಯಾವುದು ಯಾತಕ್ಕೆ ಅಂತ ಕೇಳಿ. ಬಿಡುವಿದ್ರೆ ಖುಷಿಯಾಗಿ ಹೇಳ್ತಾರೆ, ಯಾಕಂದ್ರೆ ಅವರನ್ನ ಅದನ್ನ ಕೇಳಿದವರು ಕಮ್ಮಿ.